ಹೊಂಗೆ ಡೀಸೆಲ್ಲಿನ ಆಯುಷ್ಯ



ಬೈಲಹೊಂಗಲ ತಾಲ್ಲೂಕಿನ ದೊಡವಾಡದ ಕಡೆಯ ಎರೆ ಹೊಲಗಳು ನಿಮಗೆ ಗೊತ್ತು. ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬೆ. ಬದುವಿನ ಮೇಲೆ ಅಲ್ಲೊಂದು ಬೇವು, ಇಲ್ಲೊಂದು ಹೊಂಗೆ. ಹೊಂಗೆಯ ಕಾಯಿ ಬಲಿಯುವುದು ಬೇಸಿಗೆಯಲ್ಲಿ. ಶಿವರಾತ್ರಿ ದಾಟಿದ ಮೇಲೆ ಕಾಯಿ ಬಡಿಯುವುದು, ಒಣಗಿಸುವುದು, ಬೀಜ ಬಿಡಿಸುವುದು. ಬೀಜ ಗಾಣಕ್ಕೆ ಹೋಗುತ್ತದೆ, ಎಣ್ಣೆ ಬರುತ್ತದೆ. ಆ ಎಣ್ಣೆಯಿಂದ ಬಯೋಡೀಸೆಲ್ ಮಾಡಿಸಿದಿರಿ ಎಂದಿಟ್ಟುಕೊಳ್ಳಿ. ಅದು ನಿಮ್ಮ ಕೈಗೆ ಬರುವುದು ಮೇ ತಿಂಗಳ ಹೊತ್ತಿಗೆ.

ಆದರೆ ಟ್ರ್ಯಾಕ್ಟರಿಗೆ ಅದು ಬೇಕಾಗುವುದು ಯಾವಾಗ? ಮುಂಗಾರಿಗೆ ಒಂದಿಷ್ಟು. ಹಿಂಗಾರಿ ಬಿತ್ತನೆಗೆ, ಅಂದರೆ ಸೆಪ್ಟೆಂಬರ್, ಅಕ್ಟೋಬರಿಗೆ ಇನ್ನೊಂದಿಷ್ಟು. ರಾಶಿಯ ಕಾಲಕ್ಕೆ ಮತ್ತೊಂದಿಷ್ಟು. ಒಂದೇ ಸುಗ್ಗಿಯಲ್ಲಿ ಬಂದ ಇಂಧನವನ್ನು ಎಂಟು ಒಂಬತ್ತು ತಿಂಗಳು ಇಟ್ಟುಕೊಂಡು ಕೂಡಬೇಕು. ಅಷ್ಟು ದಿನ ಅದು ಕೆಡದೆ ಉಳಿಯುತ್ತದೆಯೇ? ಉಳಿಯದಿದ್ದರೆ ಗಿಡಮರಗಳಿಂದಲೇ ಸಿಗುವ ಪದಾರ್ಥ ಬೆರೆಸಿ ಅದರ ಆಯುಷ್ಯ ಹೆಚ್ಚಿಸಬಹುದೇ? ಇವತ್ತಿನ ನನ್ನ ಮಾತು ಇದೊಂದೇ ವಿಷಯದ ಮೇಲೆ.

ಮೊದಲು ಸ್ವಲ್ಪ ಹಿನ್ನೆಲೆ. ಎಣ್ಣೆಯಿಂದ ಎಂಜಿನ್ ಓಡಿಸುವುದು ಹೊಸದಲ್ಲ. 1900ರಲ್ಲಿ ಪ್ಯಾರಿಸ್ಸಿನಲ್ಲಿ ದೊಡ್ಡ ಪ್ರದರ್ಶನ ನಡೆಯಿತು. ಅಲ್ಲಿ ಒಂದು ಡೀಸೆಲ್ ಎಂಜಿನ್ನನ್ನು ಶೇಂಗಾ ಎಣ್ಣೆಯ ಮೇಲೆ ಓಡಿಸಿ ತೋರಿಸಿದರು. ಆಫ್ರಿಕದ ತನ್ನ ವಸಾಹತುಗಳಲ್ಲಿ ಅಲ್ಲಿಯದೇ ಇಂಧನ ಸಿಕ್ಕೀತೆ ಎಂದು ಫ್ರೆಂಚ್ ಸರ್ಕಾರಕ್ಕೆ ಆಸೆ ಇತ್ತು. ನಮ್ಮಲ್ಲಿ ಪ್ರತಿ ವರ್ಷ ಆಗಸ್ಟ್ 10ರಂದು ಜೈವಿಕ ಇಂಧನ ದಿನ ಆಚರಿಸುತ್ತಾರೆ. ರುಡಾಲ್ಫ್ ಡೀಸೆಲ್ 1893ರ ಆ ದಿನ ಶೇಂಗಾ ಎಣ್ಣೆಯಿಂದ ಎಂಜಿನ್ ಓಡಿಸಿದ ಎಂದು ಆ ದಿನದ ಭಾಷಣಗಳಲ್ಲಿ ಹೇಳುವುದುಂಟು. ಅದು ನಿಜವಲ್ಲ. ಶೇಂಗಾ ಎಣ್ಣೆಯ ಸಂಗತಿ ಪ್ಯಾರಿಸ್ಸಿನದು, ಏಳು ವರ್ಷ ಆಮೇಲಿನದು.

ನಮ್ಮ ಹತ್ತಿರದ ಉದಾಹರಣೆ ಬೇಕೆ? ದಾಂಡೇಲಿಗೆ ಬನ್ನಿ. 2001ರ ಸುಮಾರಿಗೆ ಅಲ್ಲಿಯ ಫೆರೊ ಅಲಾಯ್ಸ್ ಕಾರ್ಖಾನೆಯವರು ತಮ್ಮ ಜನರೇಟರುಗಳನ್ನು ಹೊಂಗೆ ಎಣ್ಣೆಯ ಮೇಲೆ ಓಡಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಆ ಕಾಲದಲ್ಲಿ ಹೊಂಗೆಯ ಪರವಾಗಿ ಬಹಳ ದುಡಿದವರು. ಹುಬ್ಬಳ್ಳಿಯ ಬಿ.ವಿ. ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜಿನವರು ಹೊಂಗೆ, ಜಟ್ರೋಫಾ, ಎಳ್ಳು, ಈ ಮೂರರ ಬಯೋಡೀಸೆಲ್ಲನ್ನು ಎಂಜಿನ್ನಿನಲ್ಲಿ ಓಡಿಸಿ ನೋಡಿ 2008ರಲ್ಲಿ ಪ್ರಕಟಿಸಿದರು. 2009ರಲ್ಲಿ ಕರ್ನಾಟಕ ಸರ್ಕಾರ ಜೈವಿಕ ಇಂಧನ ನೀತಿ ತಂದಿತು. ಹಾಸನದ ಹತ್ತಿರ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನ ಬೆಳೆಯಿತು. ಬರಡು ಬಂಗಾರ, ಹಸಿರು ಹೊನ್ನು ಎಂಬ ಸಸಿ ನೆಡುವ ಯೋಜನೆಗಳು ಬಂದವು. ದೇಶದ ಮಟ್ಟದಲ್ಲಿ 2018ರ ನೀತಿ ಒಂದು ಗುರಿ ಇಟ್ಟಿದೆ. 2030ರ ಹೊತ್ತಿಗೆ ಡೀಸೆಲ್ಲಿನಲ್ಲಿ ನೂರಕ್ಕೆ 5 ಪಾಲು ಬಯೋಡೀಸೆಲ್ ಇರಬೇಕು.

ಇಷ್ಟೆಲ್ಲ ಆಯಿತು. ಆದರೆ ನನಗೆ ಒಂದು ಕೊರತೆ ಕಾಣುತ್ತದೆ. ಸಸಿ ನೆಡುವುದರ ಬಗ್ಗೆ ಮಾತಾಡಿದೆವು. ಎಣ್ಣೆ ತೆಗೆಯುವುದರ ಬಗ್ಗೆ, ಮೈಲೇಜಿನ ಬಗ್ಗೆ, ಹೊಗೆಯ ಬಗ್ಗೆ ಮಾತಾಡಿದೆವು. ಮಾಡಿದ್ದನ್ನು ಇಟ್ಟುಕೊಳ್ಳುವುದು ಹೇಗೆ ಎಂಬುದರ ಬಗ್ಗೆ ಮಾತು ತೀರ ಕಡಿಮೆ. ಪೆಟ್ರೋಲ್ ಬಂಕಿನ ಡೀಸೆಲ್ ದಿನದಿನವೂ ಬಂದು ದಿನದಿನವೂ ಖರ್ಚಾಗುತ್ತದೆ. ಹಳ್ಳಿಯ ಹೊಂಗೆ ಇಂಧನ ಹಾಗಲ್ಲ. ಅದು ವರ್ಷಕ್ಕೊಮ್ಮೆ ಬರುವ ಸರಕು.

ಹಾಗಾದರೆ ಬಯೋಡೀಸೆಲ್ ಕೆಡುತ್ತದೆ ಎಂದರೆ ಏನಾಗುತ್ತದೆ?

ಬಯೋಡೀಸೆಲ್ ಅಂದರೆ ಎಣ್ಣೆಗೆ ಮೆಥನಾಲ್ ಸೇರಿಸಿ, ಕಾಸ್ಟಿಕ್ ಸೋಡಾದಂಥ ಕ್ಷಾರದ ನೆರವಿನಿಂದ ಅದರೊಳಗಿನ ಗ್ಲಿಸರಿನ್ ಬೇರ್ಪಡಿಸಿದಾಗ ಉಳಿಯುವ ತೆಳುವಾದ ದ್ರವ. ತೆಳುವಾದರೂ ಅದರ ಹುಟ್ಟುಗುಣ ಎಣ್ಣೆಯದೇ. ಕೊಬ್ಬಿನಾಮ್ಲದ ಉದ್ದನೆಯ ಸರಪಳಿಗಳು ಅದರಲ್ಲಿ ಹಾಗೇ ಇರುತ್ತವೆ. ಕೆಲವು ಸರಪಳಿಗಳಲ್ಲಿ ಇಂಗಾಲದ ಕೊಂಡಿಗಳ ನಡುವೆ ಜೋಡಿಬಂಧ ಇರುತ್ತದೆ. ಗಾಳಿಯ ಆಮ್ಲಜನಕಕ್ಕೆ ಹಿಡಿತ ಸಿಗುವುದು ಆ ಜೋಡಿಬಂಧದ ಪಕ್ಕದ ಜಾಗದಲ್ಲಿ.

ಈ ಅಂಕಿಗಳನ್ನು ಗಮನವಿಟ್ಟು ಕೇಳಿ. ಒಂದೇ ಜೋಡಿಬಂಧ ಇರುವ ಸರಪಳಿ ಕೆಡುವ ವೇಗವನ್ನು 1 ಎಂದು ಹಿಡಿಯೋಣ. ಎರಡು ಜೋಡಿಬಂಧ ಇದ್ದರೆ ಆ ವೇಗ ಸುಮಾರು 40. ಮೂರಿದ್ದರೆ ಸುಮಾರು 100. ಎರಡು ಇದ್ದರೆ ಎರಡು ಪಟ್ಟು ಎಂದು ನಾವು ಅಂದುಕೊಳ್ಳುತ್ತೇವೆ. ನಿಜದಲ್ಲಿ ಅದು ನಲವತ್ತು ಪಟ್ಟು. ಎರಡು ಜೋಡಿಬಂಧಗಳ ನಡುವೆ ಸಿಕ್ಕಿಕೊಂಡ ಹೈಡ್ರೋಜನ್ ಬಹಳ ಸಡಿಲ. ಅದನ್ನು ಕೀಳುವುದು ಸುಲಭ.

ಅಗಸಿ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಮೂರು ಜೋಡಿಬಂಧದ್ದು. ಅದಕ್ಕೇ ಅದನ್ನು ಬಾಗಿಲು, ಚೌಕಟ್ಟಿಗೆ ಒರೆಸಿದರೆ ನಾಲ್ಕು ದಿನದಲ್ಲಿ ಒಣಗಿ ಮೆರುಗು ಹಿಡಿಯುತ್ತದೆ. ಬಣ್ಣದ ಕಾರ್ಖಾನೆಗೆ ಅದು ಬೇಕು. ಬಡಗಿಗೆ ಅದು ಗುಣ. ಎಂಜಿನ್ನಿಗೆ ಅದೇ ದೋಷ. ಕುಸುಬೆ ಎಣ್ಣೆಯಲ್ಲಿ ಮುಕ್ಕಾಲು ಪಾಲು ಎರಡು ಜೋಡಿಬಂಧದ್ದು. ಅದೂ ಬೇಗ ಕಮಟು ಹಿಡಿಯುತ್ತದೆ. ಹೊಂಗೆಯಲ್ಲಿ ಅರ್ಧದಷ್ಟು ಒಂದೇ ಜೋಡಿಬಂಧದ್ದು, ಎರಡರದ್ದು ಐದನೆಯ ಒಂದು ಪಾಲಿನ ಆಸುಪಾಸು. ಆ ಲೆಕ್ಕದಲ್ಲಿ ಹೊಂಗೆ ಬಡಪಾಯಿಯಲ್ಲ. ಆದರೂ ಗಟ್ಟಿ ಕುಳವೂ ಅಲ್ಲ.

ಒಮ್ಮೆ ಆಮ್ಲಜನಕ ಹಿಡಿಯಿತೆಂದರೆ ಅಲ್ಲಿಗೆ ನಿಲ್ಲುವುದಿಲ್ಲ. ಕೆಟ್ಟ ಕಣ ಪಕ್ಕದ ಕಣದ ಹೈಡ್ರೋಜನ್ ಕಿತ್ತುಕೊಳ್ಳುತ್ತದೆ. ಅದು ತನ್ನ ಪಕ್ಕದ್ದನ್ನು ಕೆಡಿಸುತ್ತದೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ. ಒಂದು ಚಮಚ ಹೆಪ್ಪು ಇಡೀ ಪಾತ್ರೆಯನ್ನು ಮೊಸರು ಮಾಡುತ್ತದೆ. ಹಳೆಯ ಬಯೋಡೀಸೆಲ್ಲಿನ ಗಸಿ ತಳದಲ್ಲಿ ಉಳಿದ ಡ್ರಮ್ಮಿಗೆ ಹೊಸದನ್ನು ಸುರಿದರೆ ಆಗುವುದೂ ಇದೇ. ಮೊಸರಾದದ್ದನ್ನು ಯಾವ ಮದ್ದು ಹಾಕಿದರೂ ಮತ್ತೆ ಹಾಲು ಮಾಡಲು ಬರುವುದಿಲ್ಲ. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಕೆಟ್ಟದ್ದು ತಿಳಿಯುವುದು ಹೇಗೆ? ಮೊದಲು ಮೂಗಿಗೆ. ಮೂಗು ಚುಚ್ಚುವ ಹುಳಿ ವಾಸನೆ. ಆಮೇಲೆ ಬಣ್ಣ ಕಪ್ಪಾಗುತ್ತದೆ, ದ್ರವ ದಪ್ಪವಾಗುತ್ತದೆ. ಕೊನೆಗೆ ಅಂಟು. ಮೆಕ್ಯಾನಿಕ್ ಫಿಲ್ಟರ್ ಬಿಚ್ಚುತ್ತಾನೆ. ಒಳಗಿನ ಕಾಗದದ ಮಡಿಕೆಗಳ ತುಂಬ ಕಂದು ಬಣ್ಣದ, ಬೆರಳಿಗೆ ಎಳೆಯೆಳೆಯಾಗಿ ಹಿಡಿಯುವ ಜಿಗುಟು. ಇನ್ನೂ ಮುಂದೆ ಹೋದರೆ ಇಂಜೆಕ್ಟರ್ ಪಂಪಿನೊಳಗೆ ವಾರ್ನಿಷ್ ಬಳಿದಂತೆ ಪದರ ಕೂಡುತ್ತದೆ. ಪಂಪು ಬಿಚ್ಚಿಸಿ ಸರ್ವಿಸ್ ಮಾಡಿಸುವ ಖರ್ಚು ಡೀಸೆಲ್ಲಿನಲ್ಲಿ ಉಳಿಸಿದ ದುಡ್ಡನ್ನೆಲ್ಲ ನುಂಗಿಬಿಡುತ್ತದೆ.

ಇದುವರೆಗೆ ಕೇಳಿದ್ದು ಎರಡು ಮಾತು. ಹೊಂಗೆ ಡೀಸೆಲ್ ಬಹುಕಾಲ ಇಡಬೇಕಾದ ಸರಕು. ಗಾಳಿ ತಾಗಿದರೆ ಅದು ತನ್ನಿಂದ ತಾನೇ ಕೆಡುತ್ತಾ ಹೋಗುವ ಸರಕು. ಇನ್ನು ಅದರ ಬಾಳಿಕೆಯನ್ನು ಅಳೆಯುವುದು ಹೇಗೆ ಎಂದು ನೋಡೋಣ.

ಪ್ರಯೋಗಾಲಯದಲ್ಲಿ ಒಂದು ಉಪಕರಣ ಇದೆ. ಹೆಸರು ರ್‍ಯಾನ್ಸಿಮ್ಯಾಟ್. ಗಾಜಿನ ಕೊಳವೆಯಲ್ಲಿ ಕೆಲವೇ ಗ್ರಾಂ ಇಂಧನ ಹಾಕುತ್ತಾರೆ. ಅದನ್ನು 110 ಡಿಗ್ರಿಗೆ ಕಾಯಿಸಿ, ಅದರೊಳಗೆ ಗುಳುಗುಳು ಎಂದು ಗಾಳಿ ಹಾಯಿಸುತ್ತಾರೆ. ಹೊರಬಂದ ಗಾಳಿ ಪಕ್ಕದ ಶುದ್ಧ ನೀರಿನೊಳಗೆ ಹೋಗುತ್ತದೆ. ಇಂಧನ ಚೆನ್ನಾಗಿ ಇರುವವರೆಗೆ ಆ ನೀರಿಗೆ ಏನೂ ಆಗುವುದಿಲ್ಲ. ಕೆಡಲು ಆರಂಭವಾದ ಕೂಡಲೇ ಹುಳಿ ಆವಿ ಬಂದು ನೀರಿನಲ್ಲಿ ಕರಗುತ್ತದೆ. ಹುಳಿಯಾದ ನೀರು ವಿದ್ಯುತ್ತನ್ನು ಹೆಚ್ಚು ಹರಿಸುತ್ತದೆ. ಮುಳ್ಳು ಸರ್ರನೆ ಮೇಲೇರುತ್ತದೆ. ಅಲ್ಲಿಯವರೆಗೆ ಎಷ್ಟು ತಾಸು ಹಿಡಿಯಿತೋ ಅದೇ ಆ ಇಂಧನದ ಬಾಳಿಕೆಯ ಅಳತೆ.

ಅಮೆರಿಕದವರು ಕನಿಷ್ಠ 3 ತಾಸು ಬೇಕು ಎನ್ನುತ್ತಾರೆ. ಯುರೋಪಿನವರು ಮೊದಲು 6 ತಾಸು ಕೇಳುತ್ತಿದ್ದರು, 2012ರ ಪರಿಷ್ಕರಣೆಯಲ್ಲಿ 8ಕ್ಕೆ ಏರಿಸಿದರು. ನಮ್ಮ ಭಾರತೀಯ ಮಾನಕವೂ 2005ರಲ್ಲಿ ಮೊದಲು ಬಂದಾಗ 6 ತಾಸು ಕೇಳಿತ್ತು. ಏನನ್ನೂ ಬೆರೆಸದ ಹೊಂಗೆ ಬಯೋಡೀಸೆಲ್ ಸಾಮಾನ್ಯವಾಗಿ ತಾಳುವುದು ಎರಡು ಮೂರು ತಾಸು. ಪರೀಕ್ಷೆಯಲ್ಲಿ ಅರ್ಧ ಅಂಕ ಬಂದರೆ ಹೆಚ್ಚು ಎಂದಾಯಿತು.

ಆರು ತಾಸು ಅಂದರೆ ನಮ್ಮ ಡ್ರಮ್ಮಿನಲ್ಲಿ ಎಷ್ಟು ತಿಂಗಳು ಎಂದು ನೀವು ಕೇಳಬಹುದು. ಹಾಗೆ ನೇರವಾಗಿ ಲೆಕ್ಕ ಕಟ್ಟಲು ಬರುವುದಿಲ್ಲ. ಅದಕ್ಕೆ ಬೇರೆ ಪರೀಕ್ಷೆ ಉಂಟು. ಇಂಧನವನ್ನು 43 ಡಿಗ್ರಿ ಬಿಸಿಯಲ್ಲಿ ಒಂದು ವಾರ ಇಟ್ಟರೆ, 21 ಡಿಗ್ರಿ ತಂಪಿನಲ್ಲಿ ಒಂದು ತಿಂಗಳು ಇಟ್ಟಷ್ಟು ಹಳೆಯದಾಗುತ್ತದೆ ಎಂದು ಅದರ ಲೆಕ್ಕ. ಈಗ ನಮ್ಮ ಬೇಸಿಗೆಯನ್ನು ನೆನೆಯಿರಿ. ಏಪ್ರಿಲ್ ಮಧ್ಯಾಹ್ನ ತಗಡಿನ ಶೆಡ್ಡಿನೊಳಗೆ ಕಾಲಿಟ್ಟರೆ ಹೇಗಿರುತ್ತದೆ? ಹೊಂಗೆ ಡೀಸೆಲ್ ಹುಟ್ಟುವುದೇ ಆ ಕಾಲದಲ್ಲಿ. ಕೂಸು ಹುಟ್ಟಿದ ಮೊದಲ ತಿಂಗಳಲ್ಲೇ ಅದರ ಆಯುಷ್ಯದ ದೊಡ್ಡ ಪಾಲು ಬಿಸಿಲಿಗೆ ಸಂದುಹೋಗುತ್ತದೆ.

ಅಳತೆಯ ಮಾತು ಮುಗಿಯಿತು. ಈಗ ಇವತ್ತಿನ ಮುಖ್ಯ ವಿಷಯಕ್ಕೆ ಬರುತ್ತೇನೆ. ಗಿಡಮರಗಳು ಇದಕ್ಕೆ ಏನು ನೆರವು ಕೊಡಬಲ್ಲವು?

ಬೆಣ್ಣೆ ಕಾಯಿಸುವಾಗ ನಮ್ಮ ತಾಯಂದಿರು ಇಳಿಸುವ ಹೊತ್ತಿಗೆ ಒಂದು ವೀಳ್ಯದೆಲೆ ಹಾಕುತ್ತಾರೆ. ಕೆಲವರು ಕರಿಬೇವು, ಕೆಲವರು ನುಗ್ಗೆಸೊಪ್ಪು. ತುಪ್ಪ ಘಮ್ಮೆನ್ನುತ್ತದೆ, ಬಹುದಿನ ಕಮಟುವುದಿಲ್ಲ. ವೀಳ್ಯದೆಲೆಯಲ್ಲಿ ಫೀನಾಲ್ ಜಾತಿಯ ಪದಾರ್ಥಗಳಿವೆ. ಅವು ತಮ್ಮ ಹೈಡ್ರೋಜನ್ನನ್ನು ಕೆಟ್ಟ ಕಣಕ್ಕೆ ತಾವೇ ಕೊಟ್ಟುಬಿಡುತ್ತವೆ. ಕೊಟ್ಟ ಮೇಲೂ ತಾವು ಶಾಂತವಾಗಿ ಇರುತ್ತವೆ, ಪಕ್ಕದವರ ತಂಟೆಗೆ ಹೋಗುವುದಿಲ್ಲ. ಸರಣಿ ಅಲ್ಲಿಗೆ ತುಂಡಾಗುತ್ತದೆ. ಇವಕ್ಕೆ ಉತ್ಕರ್ಷಣ ನಿರೋಧಕ ಎಂದು ಪುಸ್ತಕದ ಹೆಸರು. ತುಪ್ಪಕ್ಕೂ ಬಯೋಡೀಸೆಲ್ಲಿಗೂ ಇಲ್ಲಿ ಭೇದವಿಲ್ಲ. ಎರಡೂ ಕೊಬ್ಬಿನ ಮಕ್ಕಳು.

ಎಳ್ಳೆಣ್ಣೆಯನ್ನು ನೋಡಿ. ಅದರಲ್ಲಿ ಎರಡು ಜೋಡಿಬಂಧದ ಸರಪಳಿ ನೂರಕ್ಕೆ 40ರ ಮೇಲಿದೆ. ಹೊಂಗೆಗಿಂತ ಎರಡು ಪಟ್ಟು. ನಮ್ಮ ಲೆಕ್ಕದ ಪ್ರಕಾರ ಅದು ಬೇಗ ಕೆಡಬೇಕು. ಆದರೆ ಎಳ್ಳೆಣ್ಣೆ ಬಾಳುವಷ್ಟು ಬೇರೆ ಎಣ್ಣೆ ಬಾಳುವುದಿಲ್ಲ ಎಂದು ಉಪ್ಪಿನಕಾಯಿ ಹಾಕುವವರಿಗೆಲ್ಲ ಗೊತ್ತು. ಎಳ್ಳಿನಲ್ಲಿ ಸೆಸಮಾಲ್ ಮತ್ತು ಅದರ ಬಳಗದ ಪದಾರ್ಥಗಳಿವೆ. ಎಣ್ಣೆಯ ಜೊತೆಗೇ ಕಾವಲುಗಾರರನ್ನೂ ಗಿಡ ಕೊಟ್ಟು ಕಳಿಸಿದೆ. ಬಹುತೇಕ ಎಣ್ಣೆಕಾಳುಗಳಲ್ಲಿ ಇಂಥ ಕಾವಲು ಇದ್ದೇ ಇರುತ್ತದೆ. ಇ-ಜೀವಸತ್ವ, ಅಂದರೆ ಟೊಕೊಫೆರಾಲ್, ಅದರಲ್ಲಿ ಮುಖ್ಯ.

ಇಲ್ಲಿ ನಾವು ಒಂದು ಎಡವಟ್ಟು ಮಾಡುತ್ತೇವೆ. ಬಯೋಡೀಸೆಲ್ ಕನ್ನಡಿಯಂತೆ ತಿಳಿಯಾಗಿ ಕಾಣಲಿ ಎಂದು ಅದನ್ನು ಭಟ್ಟಿ ಇಳಿಸಿ ಶುದ್ಧ ಮಾಡುತ್ತೇವೆ. ಹಾಗೆ ಮಾಡಿದಾಗ ಕಸದ ಜೊತೆ ಈ ಕಾವಲುಗಾರರೂ ಹೊರಗೆ ಹೋಗುತ್ತಾರೆ. ನೋಡಲು ಚೆಂದ, ಇಡಲು ಕಷ್ಟ. ಕರಿದು ಕರಿದು ಕಪ್ಪಾದ ಎಣ್ಣೆಯಿಂದ ಮಾಡಿದ ಬಯೋಡೀಸೆಲ್ಲಿನದೂ ಇದೇ ಪಾಡು. ಮಿರ್ಚಿ ಭಜಿಯ ಬಾಣಲೆಯಲ್ಲೇ ಅದರ ಕಾವಲು ತೀರಿಹೋಗಿರುತ್ತದೆ.

ಹಾಗಾದರೆ ಹೊರಗಿನಿಂದ ಕಾವಲು ಸೇರಿಸಬೇಕು. ಕಾರ್ಖಾನೆಯಲ್ಲಿ ಮಾಡಿದ ರಾಸಾಯನಿಕಗಳಿವೆ. ಬಿ.ಎಚ್.ಟಿ., ಟಿ.ಬಿ.ಎಚ್.ಕ್ಯೂ. ಎಂಬ ಹೆಸರಿನವು. ಚೆನ್ನಾಗಿಯೇ ಕೆಲಸ ಮಾಡುತ್ತವೆ. ಆದರೆ ಹೆಚ್ಚಿನವು ಪೆಟ್ರೋಲಿಯಂ ಮೂಲದವು. ಪೆಟ್ರೋಲಿಯಂ ಬೇಡ ಎಂದು ಹೊಂಗೆ ಹಿಡಿದವರು, ಹೊಂಗೆಯನ್ನು ಕಾಯಲು ಮತ್ತೆ ಪೆಟ್ರೋಲಿಯಮ್ಮಿಗೇ ಕೈ ಚಾಚುವುದೇ? ಅದಕ್ಕೇ ಸಂಶೋಧಕರ ಕಣ್ಣು ಸಸ್ಯಗಳ ಮೇಲೆ ಬಿತ್ತು.

ಹೊಂಗೆಯ ಮೇಲೆ ನಡೆದ ಪ್ರಯೋಗಗಳಲ್ಲಿ ಮುಂಚೂಣಿಯಲ್ಲಿ ನಿಂತ ಪದಾರ್ಥಗಳು ಪೈರೊಗ್ಯಾಲಾಲ್ ಮತ್ತು ಪ್ರೊಪೈಲ್ ಗ್ಯಾಲೇಟ್. ಟೊಕೊಫೆರಾಲ್ ಇವೆರಡರ ಮುಂದೆ ಸಪ್ಪೆ. ಬಾಯಲ್ಲಿ ಹೊರಳದ ಹೆಸರುಗಳು, ನಿಜ. ಆದರೆ ಇವುಗಳ ಕುಲ ಕೇಳಿ. ಎರಡೂ ಗ್ಯಾಲಿಕ್ ಆಮ್ಲದ ಮಕ್ಕಳು. ಗ್ಯಾಲಿಕ್ ಆಮ್ಲ ಎಲ್ಲಿದೆ? ಅಳಲೆಕಾಯಿಯಲ್ಲಿದೆ. ತಾರೆಕಾಯಿಯಲ್ಲಿದೆ. ನೆಲ್ಲಿಕಾಯಿಯಲ್ಲಿದೆ. ತ್ರಿಫಲಾ ಚೂರ್ಣದ ಮೂರೂ ಕಾಯಿಗಳಲ್ಲಿ ಇದೆ. ಹಿಂದೆ ಮಸಿ ಮಾಡಲು, ಚರ್ಮ ಹದ ಮಾಡಲು ಅಳಲೆಕಾಯಿ ಬಳಸುತ್ತಿದ್ದದ್ದು ಈ ಗುಂಪಿನ ಒಗರಿಗಾಗಿಯೇ. ಸ್ವೀಡನ್ನಿನ ಕಾರ್ಲ್ ಷೀಲೆ ಎಂಬ ವಿಜ್ಞಾನಿ 1786ರಲ್ಲಿ ಮರದ ಗಂಟುಕಾಯಿಗಳಿಂದ ಗ್ಯಾಲಿಕ್ ಆಮ್ಲ ತೆಗೆದ. ಅದನ್ನು ಕಾಯಿಸಿ ಪೈರೊಗ್ಯಾಲಾಲ್ ಪಡೆದ. ಅಂದಮೇಲೆ ಸಸ್ಯಮೂಲ, ಕಾರ್ಖಾನೆಮೂಲ ಎಂದು ನಾವು ಹಾಕುವ ಗೆರೆ ಅಷ್ಟು ಗಟ್ಟಿಯದಲ್ಲ. ಬಲವಾದ ಮದ್ದಿನ ಬೇರು ಕಾಡಿನ ಕಾಯಿಯಲ್ಲೇ ಇದೆ.

ಎಷ್ಟು ಬೇಕು? ಬಹಳ ಕಡಿಮೆ. ಸಾವಿರ ಕಿಲೊ ಇಂಧನಕ್ಕೆ ಕಾಲು ಕಿಲೊದಿಂದ ಒಂದು ಕಿಲೊ ಒಳಗೆ ಎಂಬುದು ಪ್ರಯೋಗಗಳಲ್ಲಿ ಬಳಸುವ ಸಾಮಾನ್ಯ ಪ್ರಮಾಣ.

ಈ ವಿಷಯ ಎಲ್ಲಿ ಮಾತಾಡಿದರೂ ಒಂದು ಪ್ರಶ್ನೆ ಬಂದೇ ಬರುತ್ತದೆ. "ಹಂಗಾದ್ರ ನಾಕ್ ಅಳಲೆಕಾಯಿ ಜಜ್ಜಿ ಡ್ರಮ್ಮಿನ್ಯಾಗ ಹಾಕಿದ್ರ ನಡೀತದಲ್ರೀ?"

ಇಲ್ಲರೀ, ನಡೆಯುವುದಿಲ್ಲ. ಯಾಕೆ ಎಂದು ಹೇಳುತ್ತೇನೆ. ಗ್ಯಾಲಿಕ್ ಆಮ್ಲ ನೀರಿನ ಕಡೆಯದು. ಎಣ್ಣೆಯಲ್ಲಿ ಕರಗುವುದಿಲ್ಲ. ಜಜ್ಜಿ ಹಾಕಿದ ಕಾಯಿ ಡ್ರಮ್ಮಿನ ತಳದಲ್ಲಿ ಕೂಡುತ್ತದೆ, ಅಷ್ಟೇ. ಕಷಾಯ ಮಾಡಿ ಸುರಿಯೋಣ ಎಂದರೆ ನೀರು ಸೇರುತ್ತದೆ. ನೀರು ಬಯೋಡೀಸೆಲ್ಲಿನ ದೊಡ್ಡ ವೈರಿ. ನೀರಿದ್ದಲ್ಲಿ ಆಮ್ಲ ಹೆಚ್ಚುತ್ತದೆ, ಸೂಕ್ಷ್ಮಜೀವಿಗಳು ಬೆಳೆದು ಲೋಳೆಯಾಗುತ್ತದೆ. ಹಸಿರು ಸೊಪ್ಪು ಹಾಕೋಣ ಎಂದರೆ ಪತ್ರಹರಿತ್ತು ಬಿಡುತ್ತದೆ. ಬೆಳಕು ಬಿದ್ದರೆ ಪತ್ರಹರಿತ್ತು ಕೆಡಿಸುವ ಕೆಲಸವನ್ನು ಇನ್ನೂ ಚುರುಕು ಮಾಡುತ್ತದೆ. ಕಾವಲಿಗೆ ಕರೆದವನೇ ಕಳ್ಳನಾದ ಕತೆ. ಬಾಣಲೆಯ ತುಪ್ಪದಲ್ಲಿ ನೀರಿನಂಶ ಆವಿಯಾಗಿ ಹೋಗುತ್ತದೆ, ಎಲೆಯನ್ನು ಸೋಸಿ ತೆಗೆಯುತ್ತೇವೆ. ಡ್ರಮ್ಮಿನಲ್ಲಿ ಇವೆರಡೂ ಆಗುವುದಿಲ್ಲ. ಇದರ ಮೇಲೆ ಬೂದಿಯ ಮಾತು ಬೇರೆ. ಕಾಯಿ, ಸೊಪ್ಪಿನ ಲವಣಗಳು ಉರಿದು ಉಳಿದ ಬೂದಿ ಇಂಜೆಕ್ಟರಿನ ಸೂಜಿಮೊನೆಯಷ್ಟು ಸಣ್ಣ ರಂಧ್ರಕ್ಕೆ ಶತ್ರು.

ಅದಕ್ಕೇ ಸಸ್ಯದಿಂದ ಸಾರ ತೆಗೆದು, ಶುದ್ಧಗೊಳಿಸಿ, ಎಣ್ಣೆಯಲ್ಲಿ ಕರಗುವ ರೂಪಕ್ಕೆ ತರಬೇಕು. ಪ್ರೊಪೈಲ್ ಗ್ಯಾಲೇಟ್ ಅಂದರೆ ಅದೇ. ಗ್ಯಾಲಿಕ್ ಆಮ್ಲಕ್ಕೆ ಒಂದು ಮದ್ಯಸಾರದ ಬಾಲ ಸೇರಿಸಿ ಎಣ್ಣೆಗೆ ಹೊಂದಿಸಿದ್ದು. ಅದು ಪ್ರಯೋಗಾಲಯದ ಕೆಲಸ, ಅಡುಗೆಮನೆಯದಲ್ಲ. ಪೈರೊಗ್ಯಾಲಾಲ್ ವಿಷಕಾರಿ ಬೇರೆ. ಯಾರೂ ಮನೆಯಲ್ಲಿ ಕಾಯಿಸಿ ನೋಡಲು ಹೋಗಬೇಡಿ.

ಹುಟ್ಟಿನಿಂದಲೇ ಎಣ್ಣೆಯಲ್ಲಿ ಕರಗುವ ಸಸ್ಯಮೂಲದ ಫೀನಾಲ್ ಒಂದಿದೆ. ಅದು ಗೋಡಂಬಿಯ ಸಿಪ್ಪೆಯಲ್ಲಿದೆ. ಹಸಿ ಗೇರುಬೀಜ ಒಡೆದಾಗ ಕೈ ಸುಡುವ ಕಪ್ಪು ರಸ ನೋಡಿದ್ದೀರಲ್ಲ, ಅದೇ. ಅದರಿಂದ ಕಾರ್ಡನಾಲ್ ಎಂಬ ಪದಾರ್ಥ ತೆಗೆಯುತ್ತಾರೆ. ಅದಕ್ಕೆ ಉದ್ದನೆಯ ಬಾಲ ಹುಟ್ಟಾ ಇದೆ, ಎಣ್ಣೆಯಲ್ಲಿ ಸರಾಗವಾಗಿ ಬೆರೆಯುತ್ತದೆ. ಬ್ರೆಜಿಲ್ಲಿನಲ್ಲೂ ಭಾರತದಲ್ಲೂ ಇದನ್ನು ಬಯೋಡೀಸೆಲ್ಲಿಗೆ ಬೆರೆಸಿ ನೋಡಿದ್ದಾರೆ. ಮಂಗಳೂರು, ಕುಮಟಾ ಕಡೆ ಗೋಡಂಬಿ ಕಾರ್ಖಾನೆಗಳು ಬೇಕಾದಷ್ಟು. ಸಿಪ್ಪೆ ಅಲ್ಲಿ ತಿಪ್ಪೆಯಷ್ಟು ಬೀಳುತ್ತದೆ. ನನ್ನನ್ನು ಕೇಳಿದರೆ, ಕರ್ನಾಟಕದ ಮಟ್ಟಿಗೆ ಹೆಚ್ಚು ಪ್ರಯೋಗ ಆಗಬೇಕಾದದ್ದು ರೋಸ್‌ಮರಿಯಂಥ ಹೊರಗಿನ ಸೊಪ್ಪಿನ ಮೇಲಲ್ಲ, ಈ ಎರಡರ ಮೇಲೆ. ಮಲೆನಾಡಿನ ಅಳಲೆಕಾಯಿ ಮತ್ತು ಕರಾವಳಿಯ ಗೇರುಸಿಪ್ಪೆ. ಬಯಲುಸೀಮೆಯ ಹೊಂಗೆಗೆ ಕಾವಲು ನಮ್ಮ ನಾಡಿನಲ್ಲೇ ಇದೆ.

ಇನ್ನೊಂದು ಬಗೆಯ ನೆರವೂ ಉಂಟು. ಇದುವರೆಗೆ ಹೇಳಿದ್ದು ಸರಣಿ ತುಂಡು ಮಾಡುವ ಪದಾರ್ಥಗಳ ಮಾತು. ಎರಡನೆಯ ಬಗೆಯವು ಲೋಹವನ್ನು ಹಿಡಿದು ಕಟ್ಟಿಹಾಕುವಂಥವು. ಲಿಂಬೆಯ ಹುಳಿಯಾದ ಸಿಟ್ರಿಕ್ ಆಮ್ಲ ಈ ಗುಂಪಿನದು. ಖಾದ್ಯತೈಲದ ಕಾರ್ಖಾನೆಗಳಲ್ಲಿ ಇದನ್ನು ಬಳಸುತ್ತಾರೆ. ಲೋಹಕ್ಕೂ ಇಂಧನ ಕೆಡುವುದಕ್ಕೂ ಏನು ಸಂಬಂಧ? ಬಹಳ ಇದೆ. ಜಟ್ರೋಫಾ ಬಯೋಡೀಸೆಲ್ಲಿಗೆ ಕಬ್ಬಿಣ, ನಿಕಲ್, ಮ್ಯಾಂಗನೀಸ್, ಕೋಬಾಲ್ಟ್, ತಾಮ್ರ, ಹೀಗೆ ಒಂದೊಂದನ್ನೇ ಚೂರು ಬೆರೆಸಿ ನೋಡಿದಾಗ, ತಾಮ್ರದಷ್ಟು ಹಾಳು ಮಾಡಿದ್ದು ಬೇರೆ ಯಾವುದೂ ಇಲ್ಲ. ಅದೂ ತೀರ ಚಿಕ್ಕ ಪ್ರಮಾಣದಲ್ಲಿ.

ಇದನ್ನು ಹೊಲದ ಮನೆಗೆ ತಂದು ನೋಡಿ. ಡ್ರಮ್ ಕಬ್ಬಿಣದ್ದೇ ಇರುತ್ತದೆ, ತೊಂದರೆ ಇಲ್ಲ. ಅದರ ಬುಡಕ್ಕೆ ಹಾಕಿಸಿದ ನಲ್ಲಿ ಯಾವುದರದು? ಹಿತ್ತಾಳೆಯದು. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು. ಅಳೆದು ಹಾಕುವ ಪಾತ್ರೆ ಹಳೆಯ ತಾಮ್ರದ ಚೊಂಬು. ಸೋಸಲು ಹಿತ್ತಾಳೆ ಜಾಲರಿಯ ಬುಟ್ಟಿ. ಸತುವಿನ ಲೇಪದ ತಗಡಿನ ಡಬ್ಬವೂ ಒಳ್ಳೆಯದಲ್ಲ. ಸಾವಿರಾರು ರೂಪಾಯಿಯ ಮದ್ದು ಬೆರೆಸಿ, ನೂರು ರೂಪಾಯಿಯ ಹಿತ್ತಾಳೆ ನಲ್ಲಿಯಿಂದ ಅದನ್ನು ಕಳೆದುಕೊಳ್ಳುತ್ತೇವೆ. ಕಬ್ಬಿಣ, ಸ್ಟೇನ್‌ಲೆಸ್ ಸ್ಟೀಲ್, ಅಲ್ಯೂಮಿನಿಯಂ, ಗಟ್ಟಿ ಪ್ಲಾಸ್ಟಿಕ್ ನಡೆಯುತ್ತವೆ. ರಬ್ಬರ್ ಪೈಪಿನ ಬಗ್ಗೆಯೂ ಎಚ್ಚರ. ಸಾದಾ ರಬ್ಬರು ಬಯೋಡೀಸೆಲ್ಲಿಗೆ ಉಬ್ಬಿ ಮೆತ್ತಗಾಗುತ್ತದೆ.

ಮದ್ದಿನ ಮಾತು ಇಷ್ಟು. ಸಸ್ಯಗಳಲ್ಲಿ ಕಾವಲು ಇದೆ, ಅದನ್ನು ತಕ್ಕ ರೂಪದಲ್ಲಿ ಬೆರೆಸಿದರೆ ಬಾಳಿಕೆ ಹೆಚ್ಚುತ್ತದೆ, ಜಜ್ಜಿ ಹಾಕಿದರೆ ಹೆಚ್ಚುವುದಿಲ್ಲ. ಈಗ ಅದನ್ನು ಯಾವಾಗ ಬೆರೆಸಬೇಕು ಎಂಬ ಮಾತು.

ಹೆಪ್ಪಿನ ಮಾತು ಹೇಳಿದ್ದೆ. ಕಾವಲು ಪದಾರ್ಥ ತಾನು ಖರ್ಚಾಗುತ್ತಾ ಇಂಧನವನ್ನು ಕಾಯುತ್ತದೆ. ಕೆಟ್ಟುಹೋದದ್ದನ್ನು ರಿಪೇರಿ ಮಾಡುವುದಿಲ್ಲ. ಹಾಗಾಗಿ ಬಯೋಡೀಸೆಲ್ ತೊಳೆದು, ನೀರು ಆರಿಸಿದ ದಿನವೇ ಬೆರೆಸಬೇಕು. ಎರಡು ತಿಂಗಳು ಇಟ್ಟು, ವಾಸನೆ ಬಂದ ಮೇಲೆ ಬೆರೆಸಿದರೆ ದುಡ್ಡು ದಂಡ. ಇದನ್ನು ಒತ್ತಿ ಹೇಳಲು ಕಾರಣವಿದೆ. ಔಷಧ ಅಂದರೆ ರೋಗ ಬಂದ ಮೇಲೆ ಕೊಡುವುದು ಎಂದು ನಮ್ಮ ರೂಢಿ. ಇದು ಆ ಜಾತಿಯದಲ್ಲ.

ಇನ್ನೂ ಹಿಂದಕ್ಕೆ ಹೋದರೆ ಕೆಲಸ ಬೀಜದಿಂದಲೇ ಆರಂಭವಾಗಬೇಕು. ಬೂಸ್ಟು ಹಿಡಿದ ಬೀಜ, ಮಳೆಗೆ ತೋಯ್ದ ಬೀಜ ಗಾಣಕ್ಕೆ ಹಾಕಿದರೆ ಎಣ್ಣೆಯಲ್ಲಿ ಆಮ್ಲ ಹೆಚ್ಚು. ಹೊಂಗೆಗೆ ಮೊದಲೇ ಆಮ್ಲದ ಕಾಟ ಇರುವುದರಿಂದ ಎರಡು ಹಂತದಲ್ಲಿ ಸಂಸ್ಕರಿಸಬೇಕಾಗುತ್ತದೆ. ನನ್ನ ಸಲಹೆ ಒಂದಿದೆ. ಹೊಂಗೆಯನ್ನು ಡೀಸೆಲ್ಲಾಗಿ ಕೂಡಿಡುವುದಕ್ಕಿಂತ ಚೆನ್ನಾಗಿ ಒಣಗಿಸಿದ ಇಡಿ ಬೀಜವಾಗಿ ಕೂಡಿಡಿ. ಬೀಜದೊಳಗೆ ಎಣ್ಣೆ ಸಿಪ್ಪೆಯ ಮರೆಯಲ್ಲಿ, ತನ್ನ ಕಾವಲಿನ ಜೊತೆಗೆ ಇರುತ್ತದೆ. ಎರಡು ತಿಂಗಳಿಗೆ ಬೇಕಾದಷ್ಟು ಮಾತ್ರ ಗಾಣ ಆಡಿಸಿ, ಡೀಸೆಲ್ ಮಾಡಿಸಿ. ಘಟಕದವರು ಒಪ್ಪುವುದು ಕಷ್ಟ, ಅವರಿಗೆ ಒಂದೇ ಸಲ ದೊಡ್ಡ ಗಂಟು ಬೇಕು. ಆದರೂ ಸಂಘದ ಮೂಲಕ ಹೋದರೆ ಮಾತಾಡಬಹುದು.

ಈ ಎಲ್ಲದರ ಮೇಲೆ ನಾನು ಕಂಡುಕೊಂಡ ತೀರ್ಮಾನ ಹೇಳಿಬಿಡುತ್ತೇನೆ. ಸಸ್ಯಮೂಲದ ಬೆರಕೆ ಒಳ್ಳೆಯ ದಾರಿ. ಕಂಪನಿಗಳು, ಸಾರಿಗೆ ಸಂಸ್ಥೆಗಳು, ಸಾವಿರಾರು ಲೀಟರ್ ಕೂಡಿಡುವವರು ಅದನ್ನು ಪರೀಕ್ಷಿಸಿ ಬಳಸಬೇಕು. ಆದರೆ ನೂರಿನ್ನೂರು ಲೀಟರ್ ಇಡುವ ರೈತನಿಗೆ ಯಾವ ಮದ್ದಿಗಿಂತಲೂ ಹೆಚ್ಚು ಲಾಭ ಕೊಡುವುದು ನೆರಳು, ಒಣ ಡ್ರಮ್ಮು, ಗಾಳಿ ಉಳಿಯದಂತೆ ಕಂಠಮಟ್ಟ ತುಂಬಿಸಿ ಬಿಗಿದ ಮುಚ್ಚಳ. ಅರ್ಧ ಖಾಲಿಯಾದ ಡ್ರಮ್ಮಿದ್ದರೆ ಸಣ್ಣ ಕ್ಯಾನಿಗೆ ವರ್ಗಾಯಿಸಿ ತುಂಬಿಸಿಡಿ. ಖಾಲಿ ಜಾಗ ಅಂದರೆ ಗಾಳಿ, ರಾತ್ರಿಯ ತಂಪಿಗೆ ಆ ಗಾಳಿಯಿಂದ ಇಳಿಯುವ ನೀರಹನಿ.

ಇಲ್ಲಿ ಸ್ವಲ್ಪ ಹಳೆಯ ಲೆಕ್ಕ ನೆನಪಾಗುತ್ತದೆ. 2003ರಲ್ಲಿ ಯೋಜನಾ ಆಯೋಗದ ಸಮಿತಿ ದೇಶದಲ್ಲಿ ಒಂದು ಕೋಟಿ ಹೆಕ್ಟೇರಿಗೂ ಮೀರಿ ಜಟ್ರೋಫಾ ಬೆಳೆಸುವ ಕನಸು ಕಂಡಿತ್ತು. ಅದು ಕೈಗೂಡಲಿಲ್ಲ. ಬಂಜರಿನಲ್ಲಿ ನೀರಿಲ್ಲದೆ ಆ ಗಿಡ ಹೇಳಿದಷ್ಟು ಬೀಜ ಬಿಡಲಿಲ್ಲ. ಹೊಂಗೆ ಹಾಗಲ್ಲ, ಅದು ಯಾರೂ ನೆಡದೆಯೂ ನಮ್ಮ ಬದುವಿನಲ್ಲಿ ನಿಂತ ಮರ. ಅದರ ಬೀಜಕ್ಕೆ ಬೆಲೆ ಬರಬೇಕಾದರೆ ಅದರ ಇಂಧನ ದೀಪಾವಳಿಯವರೆಗೆ ಬಾಳಬೇ­ಕು. ಬಾಳಿಸುವ ಕೆಲಸ ನಮ್ಮ ಕಾಲೇಜುಗಳದು. ಹುಬ್ಬಳ್ಳಿ, ಧಾರವಾಡ, ಬೆಳಗಾವಿಯ ಎಂಜಿನಿಯರಿಂಗ್ ಮತ್ತು ಕೃಷಿ ವಿದ್ಯಾರ್ಥಿಗಳಲ್ಲಿ ನನ್ನ ಬೇಡಿಕೆ ಇಷ್ಟು. ನಿಮ್ಮ ಪ್ರಾಜೆಕ್ಟನ್ನು ಹವಾನಿಯಂತ್ರಿತ ಕೋಣೆಯ ಗಾಜಿನ ಸೀಸೆಯಲ್ಲಿ ಮುಗಿಸಬೇಡಿ. ದೊಡವಾಡದಂಥ ಊರಿನ ತಗಡಿನ ಶೆಡ್ಡಿನಲ್ಲಿ ಎರಡು ಡ್ರಮ್ ಇಡಿ. ಒಂದಕ್ಕೆ ಅಳಲೆಯ ಸಾರದಿಂದ ಬಂದ ಬೆರಕೆ ಹಾಕಿ, ಇನ್ನೊಂದನ್ನು ಹಾಗೇ ಬಿಡಿ. ಯುಗಾದಿಯಿಂದ ದೀಪಾವಳಿಯವರೆಗೆ ತಿಂಗಳಿಗೊಮ್ಮೆ ಆಮ್ಲ, ದಪ್ಪ, ಬಾಳಿಕೆ ಅಳೆಯಿರಿ. ಬಂದ ಅಂಕಿಗಳನ್ನು ಆ ಊರಿನ ಪಂಚಾಯಿತಿ ಗೋಡೆಗೆ ಅಂಟಿಸಿ.

ಹೊಂಗೆ ಡೀಸೆಲ್ ಬಳಸುವ ರೈತ ಬಂಧುಗಳಿಗೆ ನನ್ನ ಮಾತು ಇನ್ನೂ ಸಣ್ಣದು. ನಾಳೆ ಬೆಳಿಗ್ಗೆ ನಿಮ್ಮ ಡ್ರಮ್ಮಿನ ಹಿತ್ತಾಳೆ ನಲ್ಲಿ ತೆಗೆಸಿ ಕಬ್ಬಿಣದ್ದೋ ಪ್ಲಾಸ್ಟಿಕ್ಕಿನದ್ದೋ ಹಾಕಿಸಿ. ಹೊಸ ಸರಕು ತುಂಬುವ ಮೊದಲು ತಳದ ಗಸಿ ತೆಗೆದು ಒರೆಸಿ ಒಣಗಿಸಿ. ತುಂಬಿದ ದಿನದ ತಾರೀಖನ್ನು ಡ್ರಮ್ಮಿನ ಮೇಲೆ ಬಣ್ಣದಲ್ಲಿ ಬರೆಯಿರಿ. ನಾಲ್ಕು ತಿಂಗಳು ದಾಟಿದ್ದನ್ನು ಪರೀಕ್ಷೆ ಮಾಡಿಸದೆ ಟ್ರ್ಯಾಕ್ಟರಿಗೆ ಹಾಕಬೇಡಿ.